ಹಸಿ ಮೀನಿನ ತಟ್ಟೆ

ತಟ್ಟೆ ಅಂದೂ ಖಾಲಿಯಾಗಿಯೇ ವಾಪಸು ಬಂತು. ಸೆವರಿನ್ ಅದನ್ನು ಬೆಳಕಿಗೆ ಹಿಡಿದು ನೋಡಿದ. ಇದು ಐದನೆಯ ದಿನ. ಒಂದು ಚೂರು ಮೀನಿಲ್ಲ, ಹಿಂಡಿದ ನಿಂಬೆಯ ಸಿಪ್ಪೆಯೂ ಇಲ್ಲ. ಹಸಿ ಮೀನನ್ನು ಇಷ್ಟು ಚೊಕ್ಕವಾಗಿ ತಿನ್ನುವ ಮನುಷ್ಯನಿದ್ದಾನೆಂದು ಅವನಿಗೆ ಯಾಕೋ ನಂಬಿಕೆ ಬರಲಿಲ್ಲ.

ಗುಡ್ಡದ ಮೇಲಿನ ಆ ದೊಡ್ಡ ಹೋಟೆಲಿನಲ್ಲಿ ನಲವತ್ತು ವರ್ಷ ಅಡುಗೆಮನೆಯ ಬೆಂಕಿಯ ಮುಂದೆ ನಿಂತವನು ಅವನು. ಈಗ ಬೇಯಿಸದೆ ಕೊಡಬೇಕಿತ್ತು. ನಸುಕಿಗೆ ಫಳ್ನೀರಿನ ಮನೆಯಿಂದ ದಕ್ಕೆಗೆ ನಡೆಯುವುದು, ದೋಣಿ ದಡ ಮುಟ್ಟಿದ್ದೇ ಒಳ್ಳೆಯ ಅಂಜಲ್ ಮೀನು ಆರಿಸುವುದು, ಬಿಸಿಲೇರುವ ಮೊದಲು ಗುಡ್ಡ ಹತ್ತುವುದು, ಆಮೇಲೆ ಎಲೆಯಷ್ಟು ತೆಳ್ಳಗೆ ಕೊಯ್ಯುವುದು. ಕಾಲು ಸೋತಿತ್ತು. ಕೈಯೂ ಸೋತಿತ್ತು.

ಇದೆಲ್ಲ ಮ್ಯಾನೇಜರ್ ಮೋಹನದಾಸರ ಬುದ್ಧಿ. ಅದು ಸಾವಿರದ ಒಂಬೈನೂರ ಮೂವತ್ತೆಂಟನೆಯ ಇಸವಿ. ಹೆಂಚಿನ ಕಾರ್ಖಾನೆಯವರು ಹಡಗಿನಲ್ಲಿ ಬಂದ ವ್ಯಾಪಾರಿಯೊಬ್ಬರನ್ನು ಹೋಟೆಲಿಗೆ ಕಳುಹಿಸಿದ್ದರು. ಅವರ ಮುಖ ಕಂಡದ್ದೇ ಮೋಹನದಾಸರು ಹಿಗ್ಗಿಹೋದರು. ಪೇಟೆಯ ತುಂಬ ಜಪಾನಿನ ಬಾಚಣಿಗೆ, ಜಪಾನಿನ ಪಿಂಗಾಣಿ; ಈಗ ಜಪಾನಿನ ಸಾಹೇಬರೇ ನಮ್ಮಲ್ಲಿಗೆ ಬಂದರು ಎಂದು ಊರಿಡೀ ಹೇಳಿಕೊಂಡು ಬಂದರು. ಅವರ ದೇಶದಲ್ಲಿ ಮೀನನ್ನು ಹಸಿಯಾಗಿಯೇ ತಿನ್ನುತ್ತಾರೆಂದು ಬೊಂಬಾಯಿಯಲ್ಲಿ ಕೇಳಿದ್ದರಂತೆ.

“ಇವರು ಖುಷಿಯಲ್ಲಿ ಹೋದರೆ ನೀನು ಇರು,” ಎಂದಿದ್ದರು ಸೆವರಿನ್‌ಗೆ. “ಇಲ್ಲದಿದ್ದರೆ ಮನೆಯಲ್ಲಿ ಕೂತ್ಕೋ. ಬೊಂಬಾಯಿಯ ಕುಕ್ಕು ತಯಾರುಂಟು.”

ಮನೆಯಲ್ಲಿ ಹೆಂಡತಿ ರೊಸಾಲಿನ್ ಹಾಸಿಗೆ ಹಿಡಿದು ವರ್ಷವಾಗಿತ್ತು. ಸೆವರಿನ್ ಚೂರಿ ಮಸೆದಿದ್ದ.

ಸಾಹೇಬರಿಗೆ ಬರುತ್ತಿದ್ದುದು ನಾಲ್ಕು ಮಾತು ಇಂಗ್ಲಿಷ್. ಅದನ್ನೂ ಖರ್ಚು ಮಾಡುತ್ತಿರಲಿಲ್ಲ. ಮೋಹನದಾಸರು ಸೊಂಟ ಬಗ್ಗಿಸಿ ವಂದಿಸಿದರೆ ಕಿಟಕಿಯ ಕಡೆ ತಿರುಗುತ್ತಿದ್ದರು. ಪತ್ರಿಕೆಯಲ್ಲಿ ಯುದ್ಧದ ಪುಟವನ್ನೇ ಹಿಡಿದು ಕೂರುತ್ತಿದ್ದರು. ಅವರ ಗೌರವಕ್ಕೆಂದು ಮೇಜಿನ ಮೇಲಿಟ್ಟ ಜಪಾನಿನ ಕೆಂಪು ಸೂರ್ಯನ ಬಾವುಟದ ಮೇಲೆ ಟೊಪ್ಪಿ ಕವುಚಿಡುತ್ತಿದ್ದರು. ದೊಡ್ಡವರ ರೀತಿಯೇ ಹಾಗೆ ಎಂದುಕೊಂಡರು ಎಲ್ಲರೂ.

ಸೆವರಿನ್‌ನ ಸಂಶಯ ಬಡಿಸುವ ಮುದ್ದುವಿನ ಮೇಲೆ. ಆಳುಗಳಿಗೆಂದು ಮಾಡುವ ಬಂಗುಡೆ ಸಾರೂ ಈಚೆಗೆ ದಿನಾ ಒಂದು ಬಟ್ಟಲು ಕಡಿಮೆ ಬೀಳುತ್ತಿತ್ತು. ಆರನೆಯ ದಿನ ಮುದ್ದು ತಟ್ಟೆ ಎತ್ತಿಕೊಂಡು ಹೊರಟಾಗ ಸೆವರಿನ್ ಸದ್ದಿಲ್ಲದೆ ಅವನ ಹಿಂದೆಯೇ ಹೋದ.

ಮುದ್ದು ಊಟದ ಕೋಣೆಗೆ ಹೋಗಲಿಲ್ಲ. ಹಿಂದಿನ ಜಗಲಿಗೆ ಹೋಗಿ, ಮಸಾಲೆ ಅರೆಯುವ ಹೆಂಗಸು ಬಾಗಿಯ ಬುಟ್ಟಿಗೆ ಮೀನನ್ನೆಲ್ಲ ಸುರಿದ. ಅಲ್ಲಿ ಮುಚ್ಚಿಟ್ಟಿದ್ದ ಸಾರಿನ ಬಟ್ಟಲು ಎತ್ತಿಕೊಂಡ. ತಿರುಗಿದರೆ ಸೆವರಿನ್.

“ಸಿಟ್ಟು ಮಾಡ್ಬೇಡಿ ಪೊರ್ಬುಗಳೇ,” ಎಂದ ಮುದ್ದು. “ಮೊದಲ ದಿನವೇ ಸಾಹೇಬ್ರು ತಟ್ಟೆ ನೂಕಿದ್ರು. ಅಡುಗೆಮನೆ ಬಾಗಿಲಿಗೆ ಬಂದು ನಾವು ಉಣ್ಣುವ ಸಾರಿಗೆ ಬೆರಳು ತೋರಿಸಿದ್ರು. ಹೇಳಿದ್ರೆ ನಿಮ್ಮ ಕೆಲಸ ಹೋಗ್ತದೆ. ನಾನೆಂತ ಮಾಡ್ಲಿ ಮಾರಾಯ್ರೆ?”

ಬಾಗಿ ತಲೆ ಎತ್ತಲಿಲ್ಲ. “ಮೀನು ಭಾರೀ ಒಳ್ಳೆದುಂಟು,” ಎಂದಳು. “ಹುರಿದರೆ ಮಕ್ಕಳು ಜಗಳ ಮಾಡ್ತಾವೆ.”

ಸೆವರಿನ್‌ಗೆ ನಗು ಬರಬೇಕಿತ್ತು. ಬರೀ ಆಯಾಸ ಬಂತು. ಮುಚ್ಚಿಡುವುದಕ್ಕೂ ಶಕ್ತಿ ಬೇಕಲ್ಲ. ಸಾಹೇಬರು ಅಂದೇ ಹೊರಡುವವರು. ಊಟದ ಕೋಣೆಯಲ್ಲಿ ಮೋಹನದಾಸರು ಅವರ ಮುಂದೆ ಕೈಕಟ್ಟಿ ನಿಂತಿದ್ದರು. ಸೆವರಿನ್ ನೇರ ಅಲ್ಲಿಗೆ ನಡೆದು ಎಲ್ಲವನ್ನೂ ಹೇಳಿಬಿಟ್ಟ. ತಪ್ಪು ತನ್ನದು, ಮುದ್ದುವಿನದಲ್ಲ ಎಂದೂ ಸೇರಿಸಿದ.

ಮೋಹನದಾಸರ ಮುಖ ಬಿಳುಚಿತು. “ಜಪಾನಿನ ದೊಡ್ಡ ಮನುಷ್ಯರಿಗೆ ಆಳುಗಳ ಸಾರಾ? ನಾಳೆಯಿಂದ ಬರಬೇಡ.” ಮತ್ತೆ ಸಾಹೇಬರತ್ತ ಬಗ್ಗಿ, ಅವರ ದೇಶಕ್ಕೇ ಅವಮಾನವಾಯಿತೆಂದು ಇಂಗ್ಲಿಷಿನಲ್ಲಿ ಕ್ಷಮೆ ಬೇಡಿದರು.

ರೊಸಾಲಿನ್‌ಗೆ ಎಂತ ಹೇಳುವುದು ಎಂಬುದೊಂದೇ ಸೆವರಿನ್‌ನ ತಲೆಯಲ್ಲಿತ್ತು.

ಸಾಹೇಬರು ಎದ್ದರು. ಬಂದು ಸೆವರಿನ್‌ನ ಹೆಗಲ ಮೇಲೆ ಕೈಯಿಟ್ಟರು. ಈ ಮನುಷ್ಯ ಇಲ್ಲಿದ್ದರೆ ಮಾತ್ರ ಇನ್ನೊಮ್ಮೆ ಬರುತ್ತೇನೆ ಎಂದರು, ಒಂದೊಂದೇ ಪದ ಹುಡುಕಿ. ಆಮೇಲೆ ಮೋಹನದಾಸರ ಕಡೆ ತಿರುಗಿದರು.

“ನಾನು ಚೀನದವನು. ಹೋದ ವರ್ಷ ನನ್ನ ಊರಿಗೆ ಜಪಾನಿನ ಸೈನ್ಯ ಬಂತು. ಈಗ ಅಲ್ಲಿ ನನ್ನವರು ಯಾರೂ ಇಲ್ಲ.”