ಕದಲದ ಕಾರು, ಇಳಿದ ಬ್ಯಾಟರಿ

ಚಕ್ರದ ಮುಂದೆ ಉದುರಿದ್ದ ಪ್ಲಮ್ ಹಣ್ಣುಗಳು ನಿನ್ನೆಯಂತೆಯೇ ಇಡಿಯಾಗಿದ್ದವು. ಅಂದರೆ ಎಲೆಕ್ಟ್ರಿಕ್ ಕಾರು ಕದಲಿಲ್ಲ. ಆದರೆ ಬೆಳಿಗ್ಗೆ ಶೇಕಡಾ ಎಂಬತ್ತಿದ್ದ ಬ್ಯಾಟರಿ ಸಂಜೆಗೆ ಎಪ್ಪತ್ತೆರಡಾಗಿತ್ತು.

"ಬಿಸಿಲು ಕಣೇ," ಎಂದ ವೆಲಿಬೊರ್. "ನಿಂತಲ್ಲೇ ಕುಡಿಯುತ್ತೆ."

"ಥೇಟ್ ನಿನ್ನ ಹಾಗೇ," ಎಂದಳು ಅವನ ಹೆಂಡತಿ ಗೊರ್ದಾನಾ.

ನೀಶ್ ಪಟ್ಟಣದಲ್ಲಿ ಆ ಆಗಸ್ಟಿನಲ್ಲಿ ನಲವತ್ತೊಂದು ಡಿಗ್ರಿ. ಮನೆಯ ಗೋಡೆಯ ಮೇಲೆ ಹೊಸ ಎಸಿ ಇತ್ತು. ಎರಡು ಬೇಸಿಗೆ ಕಳೆದರೂ ಒಮ್ಮೆಯೂ ಓಡಿರಲಿಲ್ಲ. ಗೊರ್ದಾನಾಳ ತಾಯಿ ಸ್ತಾಮೆನಾ ಅದಕ್ಕೆ ಕ್ರೋಶಾ ಮುಸುಕು ತೊಡಿಸಿ, ರಿಮೋಟನ್ನು ತನ್ನ ಏಪ್ರನ್ನಿನ ಜೇಬಿಗೆ ಇಳಿಸಿದ್ದಳು. ಬೀಸುಗಾಳಿ ತಗುಲಿದರೆ ಬೆನ್ನು ಹಿಡಿಯುತ್ತದೆ, ಬಾಯಿ ಸೊಟ್ಟಗಾಗುತ್ತದೆ, ಕಿಡ್ನಿ ಕೆಡುತ್ತದೆ. ಊರಿಗೆ ಊರೇ ನಂಬಿದ ಮಾತು. ಸ್ತಾಮೆನಾ ಅದನ್ನು ನಂಬುವುದಷ್ಟೇ ಅಲ್ಲ, ಆಗಸ್ಟಿನಲ್ಲೂ ಉಣ್ಣೆಯ ಕಾಲುಚೀಲ ಹಾಕುತ್ತಿದ್ದಳು.

"ಅಮ್ಮಾ, ಬೆಂದು ಹೋಗ್ತಿದೀನಿ."

"ಬೆಂದು ಯಾರೂ ಸತ್ತಿಲ್ಲ. ನಿಮ್ಮ ಚಿಕ್ಕಪ್ಪ ಸತ್ತಿದ್ದು ಗಾಳಿ ತಗುಲಿ."

"ಚಿಕ್ಕಪ್ಪ ಸತ್ತಿದ್ದು ಟ್ರಾಕ್ಟರ್ ಮಗುಚಿ!"

"ಆ ಟ್ರಾಕ್ಟರಿಗೆ ಬಾಗಿಲಿರಲಿಲ್ಲ."

ಇಷ್ಟಾದರೂ ವೆಲಿಬೊರ್ ಹೆಂಡತಿಯ ಪರ ಒಂದೇ ಒಂದು ಮಾತು ಆಡಲಿಲ್ಲ. ಗೊರ್ದಾನಾಳಿಗೆ ಸೆಖೆಗಿಂತ ಅದೇ ಹೆಚ್ಚು ಉರಿಸಿತು. ಊರೆಲ್ಲ ಬೆವರುತ್ತಿರುವಾಗ ಇವನೊಬ್ಬ ಹೇಗೆ ಈಗಷ್ಟೇ ಮಿಂದವನಂತಿದ್ದಾನೆ?

ಶುಕ್ರವಾರ ಪಕ್ಕದ ಮನೆಯ ದೆಸಾಂಕಾ, ಗೊರ್ದಾನಾ ಕೆಲಸ ಮಾಡುವ ಔಷಧಿ ಅಂಗಡಿಗೇ ಬಂದಳು. ಏನನ್ನೂ ಕೊಳ್ಳಲಿಲ್ಲ.

"ನಿನ್ನ ಗಂಡ ದಿನಾ ಮೂರು ಗಂಟೆಗೆ ಕಾರಲ್ಲಿ ಕೂರ್ತಾನೆ ಕಣೇ. ಮುಂದಿನ ಗಾಜಿಗೆ ಬಿಸಿಲು ಬೀಳದ ಹಾಗೆ ರಟ್ಟು ಅಡ್ಡ ಇಟ್ಟು. ಇವತ್ತು ಪಕ್ಕದ ಗಾಜಲ್ಲಿ ಇಣುಕಿದೆ."

"ಒಬ್ಬನೇ ತಾನೇ?"

"ಇನ್ನೆರಡು ಕಾಲಿತ್ತಪ್ಪ. ಬರಿಗಾಲು. ಉಗುರಿಗೆ ಕೆಂಪು ಬಣ್ಣ."

"ಮುಖ ನೋಡಿದ್ಯಾ?"

"ಸೀಟು ಮಲಗಿಸಿದ್ರು, ಮುಖ ಎಲ್ಲಿ ಕಾಣುತ್ತೆ?"

"ವಯಸ್ಸೆಷ್ಟಿರಬಹುದು?"

"ಕಾಲಿಗೆ ಯಾರೇ ವಯಸ್ಸು ಕೇಳ್ತಾರೆ?"

ಗೊರ್ದಾನಾ ಅಂಗಡಿಯ ಬಿಳಿ ಕೋಟಿನಲ್ಲೇ ಹೊರಟಳು. ಹದಿನೆಂಟು ವರ್ಷದ ಸಂಸಾರ. ಇವತ್ತೇ ಅವನ ಬಟ್ಟೆಬರೆ ಬೀದಿಗೆ. ಮನೆಯಲ್ಲಿ ರಂಪವಾದರೂ ಚಿಂತೆಯಿಲ್ಲ. ಅಮ್ಮ ಈ ಹೊತ್ತಿಗೆ ಅಪ್ಪನ ಸಮಾಧಿಗೆ ಮೇಣದಬತ್ತಿ ಹಚ್ಚಲು ಹೋಗಿರುತ್ತಾಳೆ. ಈ ಬೇಸಿಗೆ ಒಂದು ದಿನವೂ ತಪ್ಪಿಸಿಲ್ಲ.

ಕಾರು ಪ್ಲಮ್ ಮರದ ಕೆಳಗೆ ತೆಪ್ಪಗೆ ನಿಂತಿತ್ತು. ಎಂಜಿನ್ನೇ ಇಲ್ಲದ ಗಾಡಿ, ಸದ್ದು ಎಲ್ಲಿಂದ ಬರಬೇಕು? ಹತ್ತಿರ ಹೋದ ಮೇಲಷ್ಟೇ ಸಣ್ಣಗೆ ಗುಯ್‌ಗುಟ್ಟುವುದು ಕೇಳಿತು. ಕೆಳಗೆ ನೀರು ತೊಟ್ಟಿಕ್ಕುತ್ತಿತ್ತು. ಒಳಗಿಂದ ವೆಲಿಬೊರ್‌ನ ದನಿ.

"ಇವತ್ತಿಗೆ ಸಾಕು. ಗೊರ್ದಾನಾಗೆ ಗೊತ್ತಾದ್ರೆ ನಮ್ಮಿಬ್ಬರನ್ನೂ ಸಿಗಿದು ಹಾಕ್ತಾಳೆ."

ಗೊರ್ದಾನಾ ಕಿತ್ತುಬರುವ ಹಾಗೆ ಬಾಗಿಲು ಎಳೆದಳು.

"ಬಾಗಿಲು ಹಾಕೇ," ಎಂದಳು ಅವಳ ತಾಯಿ, ಮುಚ್ಚಿದ ಕಣ್ಣನ್ನೂ ತೆರೆಯದೆ. "ತಂಪೆಲ್ಲ ಹೊರಗೆ ಹೋಗ್ತಿದೆ."