ಭಾವನ ಹೆಸರು

ಮಾನಿಟರಿನಲ್ಲಿ ಕೂಸಿನ ಎದೆಬಡಿತ ಇಳಿಯತೊಡಗಿತು. ತಿಂಗಳು ತುಂಬುವ ಮೊದಲೇ ಹುಟ್ಟಿದ ಅದರ ಗಂಟಲಿಗೆ ಉಸಿರಿನ ಕೊಳವೆ ಇಳಿಸಲು ಬಗ್ಗಿದ್ದ ಡಾಕ್ಟರ್ ಸಪರ್‌ಗೆ ಮಾನಿಟರ್ ಕಾಣುತ್ತಿರಲಿಲ್ಲ. ಬಡಿತ ಇಳಿದರೆ ಕೊಳವೆ ಬಿಟ್ಟು ಮೊದಲು ಗಾಳಿಚೀಲದಿಂದ ಉಸಿರು ಕೊಡಬೇಕು; ಅದಕ್ಕೆ ನರ್ಸ್ ಗುಲ್ಜಾತ ಅವನನ್ನು ಹೆಸರು ಹಿಡಿದು ಕೂಗಿ ನಿಲ್ಲಿಸಬೇಕು. ಆ ನಿಯಮ ತಂದವನೂ ಅವನೇ. ಶುರು ಮಾಡುವಾಗ ತಮಾಷೆಯನ್ನೂ ಮಾಡಿದ್ದ: "ನೋಡಮ್ಮ, ಇಲ್ಲಿ ನೀನು ನಮ್ಮನೆ ಸೊಸೆ ಅಲ್ಲ. ಚಾ ಕೊಡುವಾಗ ಪಿಸುಗುಟ್ಟಿದ ಹಾಗೆ ಅಂದ್ರೆ ನಂಗೆ ಕೇಳಲ್ಲ. ಕಿರುಚು!"

ಗುಲ್ಜಾತ ಅವನ ತಮ್ಮನ ಹೆಂಡತಿ. ಗಂಡನ ಅಣ್ಣನ ಹೆಸರನ್ನು ಕಿರ್ಗಿಜ್ ಸೊಸೆ ಬಾಯಿಗೆ ತರುವುದಿಲ್ಲ. ಅವಳು ಒಂದು ದಿನವೂ ತಂದವಳಲ್ಲ.

"ಭಾವಾ, ಸ್ವಲ್ಪ ನೋಡ್ತೀರಾ..." ಎಂದಳು. ಯಂತ್ರಗಳ ಕೂಗಿನಲ್ಲಿ ಅವನಿಗೆ ಕೇಳಲಿಲ್ಲ. ಕೊಳವೆ ಅನ್ನನಾಳಕ್ಕೆ ಜಾರಿತು. ಹೊರಗೆಳೆದು ಮತ್ತೆ ತೂರಿಸಿದ. ಕೂಸಿನ ತುಟಿ ನೀಲಿಗಟ್ಟಿತು. "ಭಾವಾ..." ತುಟಿಯ ನೀಲಿ ಮುಖಕ್ಕೆಲ್ಲ ಹಬ್ಬಿತು.

"ಸಪರ್! ನಿಲ್ಸಿ!"

ಅವನ ಕೈ ತಟ್ಟನೆ ನಿಂತಿತು. ಕೊಳವೆ ಬಿಸಾಡಿ ಗಾಳಿಚೀಲ ಹಿಂಡಿದ, ಬೆರಳಲ್ಲಿ ಎದೆ ಒತ್ತಿದ, ಮತ್ತೆ ಹಿಂಡಿದ. ಮಾನಿಟರಿನ ಗೆರೆ ಏಳಲೇ ಇಲ್ಲ. ಗುಲ್ಜಾತ ಆ ಕೈಯನ್ನೇ ನೋಡುತ್ತ ನಿಂತಳು. ಒಂದೇ ಕೂಗಿಗೆ ನಿಂತಿತ್ತು ಅದು.