ನಿವಾಳಿಸಿದ ಉಪ್ಪು

ಒದ್ದೆ ಕಲ್ಲುಪ್ಪು ಅಂಗೈಗೆ ಅಂಟಿದಾಗಲೆಲ್ಲ ಆಲಸನತ್ತಂ ಊರಿನ ನಮ್ಮ ಮನೆಯ ಆ ಸಂಜೆ ನೆನಪಾಗುತ್ತದೆ.

ಹಾಸಿಗೆ ಹಿಡಿದಿದ್ದ ಅಮ್ಮ ಒಂದು ಸಲ ಸಮುದ್ರ ನೋಡಬೇಕು ಅಂದಿದ್ದಳು. ಅಷ್ಟು ದೂರ ಕರೆದೊಯ್ಯುವ ಹಾಗಿರಲಿಲ್ಲ. ಅಪ್ಪ ಗಾಜಿನ ತೊಟ್ಟಿ ತಂದು ಅವಳ ಮಂಚದ ಪಕ್ಕದಲ್ಲಿಟ್ಟು, ಸಾಕುಮೀನಿನ ಅಂಗಡಿಯವನು ಕೊಟ್ಟ ಉಪ್ಪನ್ನು ಬಕೆಟ್ಟಿನಲ್ಲಿ ಕದಡಿ ತುಂಬಿದ. ನೀರು ಬೆರಳಿಗೆ ಅಂಟಂಟಾಗಿ ಹತ್ತುತ್ತಿತ್ತು.

"ಮೀನು ಯಾವಾಗ ಬಿಡ್ತೀರಿ?" ಅಮ್ಮ ಕೇಳಿದಳು.

"ನೀರು ಹದಕ್ಕೆ ಬರೋಕೆ ಒಂದು ತಿಂಗ್ಳು ಬೇಕಂತೆ."

ಅಮ್ಮ ಖಾಲಿ ನೀರನ್ನೇ ನೋಡಿದಳು. ಅಪ್ಪ ಸ್ಕೂಟರ್ ತೆಗೆದುಕೊಂಡು ಹೋದವನು, ದೀಪ ಹಚ್ಚುವ ಹೊತ್ತಿಗೆ ಒಂದು ಪಟ್ಟೆಮೀನು ತಂದು ತೊಟ್ಟಿಗೆ ಬಿಟ್ಟ. ಅಮ್ಮ ನಕ್ಕಳು.

ಆಮೇಲೆ ಅಜ್ಜಿ ಎಂದಿನಂತೆ ಹಿಡಿ ಕಲ್ಲುಪ್ಪು ಹಿಡಿದು ಅಮ್ಮನಿಗೆ ದೃಷ್ಟಿ ತೆಗೆದಳು. ನಿವಾಳಿಸಿದ ಉಪ್ಪು ನೀರಲ್ಲಿ ಕರಗಬೇಕು. ಚೊಂಬು ತರಲು ಒಳಗೆ ಹೋಗದೆ, "ಇದೂ ಉಪ್ಪುನೀರೇ ಅಲ್ವಾ" ಅನ್ನುತ್ತ ತೊಟ್ಟಿಗೇ ಹಾಕಿಬಿಟ್ಟಳು.

ಬೆಳಿಗ್ಗೆ ಮೀನು ಮಗ್ಗುಲಾಗಿ ತೇಲುತ್ತಿತ್ತು. ನಾನು ಅತ್ತುಬಿಟ್ಟೆ. ಅಜ್ಜಿಯ ಮುಖ ಮಾತ್ರ ಅರಳಿತು.

"ಅವ್ಳ ಗಂಡಾಂತ್ರಾನೆಲ್ಲ ಮೀನು ತಗೊಂಡೋಯ್ತು ಕಣ್ಲಾ," ಅಂದಳು ಅಪ್ಪನಿಗೆ.

ದೃಷ್ಟಿ ಗಿಷ್ಟಿ ಯಾವುದನ್ನೂ ನಂಬದ ಅಪ್ಪ ಆವತ್ತು ಸಂಜೆ ಇನ್ನೊಂದು ಮೀನು ತಂದ.